ವಿಡಿಯೊ ಪಾಠ: ಕಲಿಸುವವರು ಯಾರು?



ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಈಗ ಧರ್ಮೋಪದೇಶ ತರಗತಿಗೆ ಪ್ರೊಜೆಕ್ಟರ್ ಬಂದಿದೆ. ದಾನಿಗಳು ಕೊಡಿಸಿದ್ದಾರೆ, ಯುವಕರು ತಂತಿ ಎಳೆದು ಜೋಡಿಸಿದ್ದಾರೆ, ಗುರುಗಳು ಆಶೀರ್ವದಿಸಿ ಉದ್ಘಾಟಿಸಿದ್ದಾರೆ. ಶಾಲೆಗಳ ಮಾತಂತೂ ಹೇಳಬೇಕಾಗಿಲ್ಲ. "ನಿಮ್ಮಲ್ಲಿ ಸ್ಮಾರ್ಟ್ ಕ್ಲಾಸ್ ಇದೆಯೇ?" ಎಂದು ಕೇಳಿಯೇ ಮಕ್ಕಳನ್ನು ಸೇರಿಸುವ ತಂದೆತಾಯಿಗಳು ಇದ್ದಾರೆ. ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ನಾನು ಇದನ್ನು ಬರೆಯುತ್ತಿಲ್ಲ. ನನ್ನ ತರಗತಿಯಲ್ಲೂ ಆ ಯಂತ್ರವಿದೆ, ಅದರಿಂದ ನನಗೆ ಉಪಕಾರವೇ ಆಗಿದೆ. ಆದರೆ ಒಂದು ಪ್ರಶ್ನೆ ಕೆಲವು ವರ್ಷಗಳಿಂದ ನನ್ನನ್ನು ಬಿಟ್ಟಿಲ್ಲ: ಕಲಿಸುವ ಕೆಲಸದಲ್ಲಿ ಎಷ್ಟನ್ನು ಯಂತ್ರಕ್ಕೆ ಒಪ್ಪಿಸಬಹುದು? ಯಾವುದನ್ನು ಒಪ್ಪಿಸಿದರೆ ಅದು ತಪ್ಪಾಗುತ್ತದೆ?

ಮೊದಲು ಉಪಕಾರದ ಮಾತು. ದಯಾಳು ಸಮಾರಿತನ ಸಾಮತಿಯನ್ನು ನಾನು ಹತ್ತಾರು ಸಲ ಮಕ್ಕಳಿಗೆ ಹೇಳಿದ್ದೇನೆ. ಜೆರುಸಲೇಮಿನಿಂದ ಜೆರಿಕೋವಿಗೆ "ಇಳಿದು" ಹೋಗುತ್ತಿದ್ದ ಮನುಷ್ಯ ಎಂದರೆ ಮಕ್ಕಳಿಗೆ ಏನೂ ಅನ್ನಿಸುವುದಿಲ್ಲ. ಜೆರುಸಲೇಮ್ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಜೆರಿಕೋ ಸಮುದ್ರ ಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ ಎಂದು ಕರಿಹಲಗೆಯ ಮೇಲೆ ಬರೆದರೂ ಅದು ಅಂಕಿಯಾಗಿಯೇ ಉಳಿಯುತ್ತದೆ. ಆ ದಾರಿಯ ಎರಡು ನಿಮಿಷದ ವಿಡಿಯೊ ತೋರಿಸಿದ ದಿನ ಒಬ್ಬ ಹುಡುಗ, "ಫಾದರ್, ಅಲ್ಲಿ ಒಂದು ಮರವೂ ಇಲ್ಲ, ಕೂಗಿದರೆ ಯಾರಿಗೆ ಕೇಳುತ್ತೆ?" ಎಂದ. ನಮ್ಮ ಮಕ್ಕಳು ಘಾಟಿ ಎಂದರೆ ಚಾರ್ಮಾಡಿಯನ್ನೋ ಆಗುಂಬೆಯನ್ನೋ ನೆನೆಯುತ್ತಾರೆ, ಹಸಿರು ನೆನೆಯುತ್ತಾರೆ. ಆ ಬೋಳು ಗುಡ್ಡಗಳನ್ನು ಕಂಡಮೇಲೆ ಯಾಜಕನೂ ಲೇವಿಯನೂ ಏಕೆ ಬೇಗಬೇಗ ನಡೆದುಹೋದರು ಎಂಬುದು ಅವರಿಗೆ ಹೊಳೆಯಿತು. ಅವರಿಗೂ ಭಯವಿತ್ತು. ನನ್ನ ಹತ್ತು ಪ್ರಬೋಧನೆಗಳು ಮಾಡದ ಕೆಲಸವನ್ನು ಎರಡು ನಿಮಿಷದ ಚಿತ್ರ ಮಾಡಿತು ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಇದು ಹೊಸ ವಿಚಾರವೂ ಅಲ್ಲ. ನಮ್ಮ ಕರ್ನಾಟಕದ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ 1975ರ ಆಗಸ್ಟಿನಲ್ಲೇ ಉಪಗ್ರಹದ ಮೂಲಕ ಟಿ.ವಿ. ಪಾಠ ಬಂದಿತ್ತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಒಂದು ವರ್ಷ ನಡೆದ ಆ ಪ್ರಯೋಗದಲ್ಲಿ ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆಂದೇ ಮೀಸಲು. ಕೋಳಿಗೂಡಿನ ಜಾಲರಿಯಂತಹ ತಂತಿಬಲೆಯ ಛತ್ರಿಯನ್ನು ನೆಟ್ಟು, ಕರೆಂಟು ಕೂಡ ಸರಿಯಾಗಿ ಕಾಣದ ಊರುಗಳ ಮಕ್ಕಳು ಲೋಕವನ್ನು ನೋಡಿದರು. ಧರ್ಮಸಭೆಯೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಕ್ರಿ.ಶ. 600ರಷ್ಟು ಹಿಂದೆಯೇ, ಮಾರ್ಸೇಯ್ ನಗರದ ಧರ್ಮಾಧ್ಯಕ್ಷ ಸೆರೆನುಸ್ ದೇವಾಲಯದ ಚಿತ್ರಗಳನ್ನು ಒಡೆಸಿದಾಗ, ಪೋಪ್ ಮಹಾ ಗ್ರೆಗೊರಿಯವರು ಪತ್ರ ಬರೆದು ಗದರಿಸಿದರು. ಅಕ್ಷರ ಬಾರದವರು ಗೋಡೆಯ ಮೇಲಿನ ಚಿತ್ರಗಳಲ್ಲಿ ಓದಿಕೊಳ್ಳುತ್ತಾರೆ ಎಂಬುದು ಅವರ ವಾದ. ಸಿನಿಮಾ ಬಂದಾಗ 1936ರಲ್ಲಿ ಹನ್ನೊಂದನೆಯ ಭಕ್ತಿನಾಥರು, ರೇಡಿಯೋ ಟಿ.ವಿ.ಗಳ ಕಾಲಕ್ಕೆ 1957ರಲ್ಲಿ ಹನ್ನೆರಡನೆಯ ಭಕ್ತಿನಾಥರು ವಿಶ್ವಪತ್ರಗಳನ್ನು ಬರೆದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಸಂಪರ್ಕ ಮಾಧ್ಯಮಗಳ ಕುರಿತೇ ಒಂದು ಆಜ್ಞಾಪತ್ರ ಹೊರಡಿಸಿತು. ಆದ್ದರಿಂದ "ಚರ್ಚಿನಲ್ಲಿ ವಿಡಿಯೊ ಏಕೆ?" ಎಂದು ಗೊಣಗುವ ಹಿರಿಯರು ದಯವಿಟ್ಟು ಸಮಾಧಾನ ತಂದುಕೊಳ್ಳಬೇಕು.

ಇನ್ನು ನನ್ನ ತಪ್ಪಿನ ಮಾತಿಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ, ತಪಸ್ಸು ಕಾಲದ ಒಂದು ಭಾನುವಾರ, ಆರು ಏಳನೆಯ ತರಗತಿಯ ಮಕ್ಕಳಿಗೆ ಪ್ರಭುವಿನ ಯಾತನೆಯ ಚಿತ್ರವೊಂದರ ಭಾಗವನ್ನು ತೋರಿಸಲು ನಿರ್ಧರಿಸಿದೆ. ಅಂದು ಉಪದೇಶ ಮಾಡಬೇಕಿದ್ದ ಟೀಚರ್ ಊರಿಗೆ ಹೋಗಿದ್ದರು. ನನಗೂ ಪಾಠಕ್ಕೆ ಸಿದ್ಧವಾಗಲು ಬಿಡುವಿರಲಿಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿಸಿ, ದೀಪ ಆರಿಸಿ, ಚಿತ್ರ ಹಾಕಿದೆ. ಮಕ್ಕಳು ಗಪ್‌ಚಿಪ್ ಆದರು. ಇಷ್ಟು ನಿಶ್ಶಬ್ದವಾದ ತರಗತಿಯನ್ನು ಆ ವರ್ಷ ನಾನು ಕಂಡಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ಮೊಬೈಲಿನ ಬೆಳಕಿನಲ್ಲಿ ಮುಂದಿನ ವಾರದ ಪ್ರಕಟಣೆಗಳನ್ನು ಬರೆದುಕೊಳ್ಳುತ್ತಿದ್ದೆ. ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ಮನಸ್ಸಿನಲ್ಲೇ ಸಂತೋಷಪಟ್ಟೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ದೀಪ ಹಾಕಿದಾಗ ಒಂದು ಹುಡುಗಿಯ ಚಪ್ಪಲಿ ಬಾಗಿಲಲ್ಲಿತ್ತು, ಹುಡುಗಿ ಇರಲಿಲ್ಲ. ಅವಳು ಎದ್ದುಹೋದದ್ದು ನನಗೆ ಗೊತ್ತಾಗಿರಲಿಲ್ಲ, ಪಕ್ಕದಲ್ಲಿ ಕುಳಿತವರಿಗೂ ಗೊತ್ತಾಗಿರಲಿಲ್ಲ. ಹುಡುಕಿಕೊಂಡು ಹೋದರೆ ಲೂರ್ದು ಮಾತೆಯ ಗವಿಯ ಮೆಟ್ಟಿಲ ಮೇಲೆ ಬರಿಗಾಲಲ್ಲಿ ಕುಳಿತಿದ್ದಳು.

"ಯಾಕಮ್ಮ, ಹೆದರಿಕೆ ಆಯ್ತಾ?" ಎಂದೆ.

ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: "ಯೇಸುಸ್ವಾಮಿಗೆ ಹೊಡೀವಾಗ ಅವರಮ್ಮ ಅಲ್ಲೇ ನಿಂತಿದ್ರಲ್ಲ ಫಾದರ್, ಯಾಕೆ ಬಿಡಿಸಲಿಲ್ಲ?"

ದೈವಶಾಸ್ತ್ರ ಓದಿದವನು ನಾನು. ಮರಿಯಮ್ಮನವರ ಸಹಯಾತನೆಯ ಬಗ್ಗೆ ಸೆಮಿನರಿಯಲ್ಲಿ ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಅದರಲ್ಲಿ ಒಂದು ವಾಕ್ಯವೂ ಆಗ ನೆರವಿಗೆ ಬರಲಿಲ್ಲ. "ಅವರ ಕೈಲಿ ತಡೆಯೋಕೆ ಆಗಲಿಲ್ಲ ಮಗಳೇ. ಆದರೆ ಬಿಟ್ಟು ಹೋಗಲಿಲ್ಲ" ಎಂದೆ.

ಅವಳು ನೆಲ ನೋಡುತ್ತಾ, "ನಮ್ಮಮ್ಮನೂ ಬಿಟ್ಟು ಹೋಗಲ್ಲ" ಎಂದಳು.

ಆ ಮನೆಯ ವಿಷಯವನ್ನು ಇಲ್ಲಿ ಬರೆಯುವುದಿಲ್ಲ. ಮಾಡಬೇಕಾದುದನ್ನು ಒಬ್ಬ ಭಗಿನಿಯವರ ಜೊತೆ ಸೇರಿ ಮಾಡಿದೆವು. ಇಂಥ ಮನೆ ನಿಮ್ಮ ನೆರೆಯಲ್ಲಿದ್ದರೆ ಮಕ್ಕಳ ಸಹಾಯವಾಣಿ 1098 ಎಂಬುದು ನಿಮಗೆ ನೆನಪಿರಲಿ ಎಂದಷ್ಟೇ ಹೇಳುತ್ತೇನೆ. ನನ್ನನ್ನು ಕೊರೆದದ್ದು ಮತ್ತೊಂದು ವಿಷಯ. ಆ ಮಗು ಮೂರು ವರ್ಷ ನನ್ನ ಮುಂದೆ ಕುಳಿತಿತ್ತು. ಅದರ ಮನಸ್ಸು ತೆರೆದುಕೊಂಡ ಆ ಒಂದು ಗಳಿಗೆಯಲ್ಲಿ ನಾನು ಕೋಣೆಯನ್ನು ಕತ್ತಲು ಮಾಡಿ ಬೇರೆ ಏನೋ ಬರೆಯುತ್ತಿದ್ದೆ. ಚಿತ್ರ ನಿಲ್ಲಲಿಲ್ಲ. ನಿಲ್ಲುವುದು ಅದಕ್ಕೆ ಗೊತ್ತಿಲ್ಲ.

ಆ ರಾತ್ರಿ ಶುಭಸಂದೇಶಗಳನ್ನು ತೆಗೆದು ನೋಡಿದೆ. ಮತ್ತಾಯ, ಮಾರ್ಕ, ಯೊವಾನ್ನ ಮೂವರೂ ಕೊರಡೆಯೇಟಿನ ಸಂಗತಿಯನ್ನು ಹೇಳಿ ಮುಗಿಸಿರುವುದು ಒಂದೇ ಮಾತಿನಲ್ಲಿ. ಪಿಲಾತ ಹೊಡೆಸಿದ, ಅಷ್ಟೇ. ಎಷ್ಟು ಏಟು, ಎಷ್ಟು ರಕ್ತ ಎಂಬ ವಿವರವಿಲ್ಲ. ನಾನು ತೋರಿಸಿದ ಚಿತ್ರ ಅದಕ್ಕೆ ಹಲವು ನಿಮಿಷಗಳನ್ನು ತೆಗೆದುಕೊಂಡಿತ್ತು. ಇನ್ನೂ ಒಂದು: ಹೊಡೆಯುವ ಸ್ಥಳದಲ್ಲಿ ಮರಿಯಮ್ಮನವರು ಇದ್ದರೆಂದು ಯಾವ ಶುಭಸಂದೇಶದಲ್ಲೂ ಬರೆದಿಲ್ಲ. ಶಿಲುಬೆಯ ಬಳಿ ನಿಂತಿದ್ದರೆಂದು ಸಂತ ಯೊವಾನ್ನರು ಹೇಳುತ್ತಾರೆ. ಉಳಿದದ್ದು ಚಿತ್ರ ತೆಗೆದವರ ಕಲ್ಪನೆ. ಕಲ್ಪನೆ ಮಾಡಬಾರದೆಂದಲ್ಲ, ನಮ್ಮ ಶಿಲುಬೆ ಹಾದಿಯ ವೆರೋನಿಕಳೂ ಶುಭಸಂದೇಶದಲ್ಲಿಲ್ಲ. ಆದರೆ ಯಾವುದು ಗ್ರಂಥದ ಮಾತು, ಯಾವುದು ನಿರ್ದೇಶಕನ ಮಾತು ಎಂದು ಮಗುವಿಗೆ ಹೇಳುವವರು ಆ ಕೋಣೆಯಲ್ಲಿ ಯಾರಾದರೂ ಇರಬೇಕಿತ್ತು. ಇದ್ದವನು ನಾನೊಬ್ಬನೇ.

ನಾವು ಸಾಮಾನ್ಯವಾಗಿ ಹೀಗೆ ಯೋಚಿಸುತ್ತೇವೆ: ಚಿತ್ರ ಒಂದೇ, ಆದ್ದರಿಂದ ನಲವತ್ತು ಮಕ್ಕಳೂ ನೋಡುವುದು ಒಂದೇ. ಇದು ದೊಡ್ಡ ಭ್ರಮೆ. ದಾದಾಸಾಹೇಬ್ ಫಾಲ್ಕೆಯವರ ಸಂಗತಿ ನಿಮಗೆ ತಿಳಿದಿರಬಹುದು. 1910ರ ಸುಮಾರಿಗೆ ಮುಂಬಯಿಯ ಒಂದು ಗುಡಾರದಲ್ಲಿ ಅವರು ಕ್ರಿಸ್ತನ ಜೀವನದ ಮೂಕಿ ಚಿತ್ರ ನೋಡಿದರು. ತೆರೆಯ ಮೇಲೆ ಯೇಸುಸ್ವಾಮಿ ನಡೆಯುತ್ತಿದ್ದರೆ ಅವರ ಮನಸ್ಸಿನಲ್ಲಿ ಶ್ರೀಕೃಷ್ಣ, ಶ್ರೀರಾಮ ನಡೆಯುತ್ತಿದ್ದರು ಎಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ಆ ಒಂದು ನೋಟದಿಂದ 1913ರಲ್ಲಿ "ರಾಜಾ ಹರಿಶ್ಚಂದ್ರ" ಹುಟ್ಟಿತು, ನಮ್ಮ ದೇಶದ ಚಿತ್ರರಂಗವೇ ಹುಟ್ಟಿತು. ಅದೇ ಗುಡಾರದಲ್ಲಿ ಅವರ ಪಕ್ಕದಲ್ಲಿ ಕುಳಿತವನು ಏನು ಕಂಡನೋ ಯಾರಿಗೆ ಗೊತ್ತು? ಕಣ್ಣಿಗೆ ಬಿದ್ದದ್ದು ಮನಸ್ಸಿನೊಳಗೆ ಏನಾಗುತ್ತದೆ ಎಂಬುದನ್ನು ಕೇಳಿಯೇ ತಿಳಿಯಬೇಕು. ಅರಿವೆಲ್ಲ ಇಂದ್ರಿಯಗಳಿಂದ ಆರಂಭವಾಗುತ್ತದೆ ಎಂದು ಕಲಿಸಿದ ಸಂತ ಥಾಮಸ್ ಅಕ್ವಿನಾಸರು, ಅರಿವು ಅಲ್ಲಿಗೇ ಮುಗಿಯುತ್ತದೆ ಎಂದು ಎಲ್ಲೂ ಹೇಳಲಿಲ್ಲ. ಕಂಡದ್ದರಿಂದ ಸತ್ಯವನ್ನು ಬಿಡಿಸಿಕೊಳ್ಳುವ ಕೆಲಸ ಕಲಿಯುವವನ ಬುದ್ಧಿಯದ್ದೇ. ಗುರು ಎಂದರೆ ವೈದ್ಯನಿದ್ದಂತೆ ಎಂಬುದು ಅವರ ಹೋಲಿಕೆ. ವಾಸಿಮಾಡುವುದು ದೇಹದ ಸ್ವಭಾವವೇ, ವೈದ್ಯ ಅದಕ್ಕೆ ನೆರವಾಗುತ್ತಾನೆ. ಈ ಹೋಲಿಕೆಗೆ ನಾನೊಂದು ಮಾತು ಸೇರಿಸುತ್ತೇನೆ: ನಾಡಿ ಹಿಡಿದು ನೋಡದೆ ಊರಿಗೆಲ್ಲ ಒಂದೇ ಕಷಾಯ ಕುಡಿಸುವವನನ್ನು ನಾವು ವೈದ್ಯ ಎನ್ನುವುದಿಲ್ಲ.

ಸಂತ ಅಗಸ್ಟೀನರು ಇದನ್ನು ಇನ್ನೂ ಮನೆಮಾತಿನಲ್ಲಿ ಹೇಳಿದ್ದಾರೆ. ಕಾರ್ಥೇಜ್ ನಗರದಲ್ಲಿ ದೆಯೊಗ್ರಾತಿಯಾಸ್ ಎಂಬ ಡೀಕನ್ ಹೊಸಬರಿಗೆ ಧರ್ಮೋಪದೇಶ ಮಾಡುತ್ತಿದ್ದರು. ತಮ್ಮ ಪಾಠ ತಮಗೇ ಸಪ್ಪೆಯೆನಿಸುತ್ತದೆ, ಏನು ಮಾಡಲಿ ಎಂದು ಅವರು ಕೇಳಿದ್ದಕ್ಕೆ ಕ್ರಿ.ಶ. 400ರ ಸುಮಾರಿಗೆ ಅಗಸ್ಟೀನರು ಒಂದು ಪುಟ್ಟ ಗ್ರಂಥವನ್ನೇ ಬರೆದು ಕಳಿಸಿದರು. ಅದರಲ್ಲಿ ಆಕಳಿಕೆಯ ಬಗ್ಗೆ ಒಂದು ಭಾಗವಿದೆ. ಕೇಳುವವನು ಆಕಳಿಸುತ್ತಿದ್ದಾನೆಯೇ? ಅವನ ಮುಖ ನೋಡು. ನಿಂತು ನಿಂತು ಸುಸ್ತಾಗಿರಬಹುದು, ಕುರ್ಚಿ ಕೊಡು. ಕಡಲಾಚೆಯ ಕೆಲವು ಧರ್ಮಸಭೆಗಳಲ್ಲಿ ಜನರಿಗೂ ಆಸನ ಕೊಡುತ್ತಾರಂತೆ, ಅದು ಒಳ್ಳೆಯ ಪದ್ಧತಿ. ಸುಮ್ಮನಿದ್ದರೆ ಅರ್ಥವಾಯಿತೇ ಎಂದು ಕೇಳು, ಅವನು ಹೆದರಿದ್ದರೆ ಧೈರ್ಯ ಹೇಳು. ಇದು ಆ ಮಾತುಗಳ ಸಾರ. ಸೆಮಿನರಿಯಲ್ಲಿ ಇದನ್ನು ಪರೀಕ್ಷೆಗಾಗಿ ಓದಿದ್ದೆ. ಆಕಳಿಕೆಯ ಭಾಗ ಓದುವಾಗ ನಾನೇ ಆಕಳಿಸಿದ್ದಿರಬಹುದು. ಅಷ್ಟು ದೊಡ್ಡ ತತ್ವಜ್ಞಾನಿ ಕುರ್ಚಿಯ ವಿಷಯ ಏಕೆ ಬರೆದರು ಎಂದು ಆಗ ತಿಳಿಯಲಿಲ್ಲ. ಗವಿಯ ಮೆಟ್ಟಿಲ ಮೇಲೆ ಕುಳಿತ ದಿನ ತಿಳಿಯಿತು. ಕಲಿಸುವವನು ಕಲಿಯುವವನ ಮುಖ ನೋಡುತ್ತಿರಬೇಕು. ತೆರೆಯನ್ನು ಮಕ್ಕಳು ನೋಡುತ್ತಾರೆ, ತೆರೆ ಮಕ್ಕಳನ್ನು ನೋಡುವುದಿಲ್ಲ. ನನ್ನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇಷ್ಟೇ: ತೋರಿಸುವ ಕೆಲಸವನ್ನು ಯಂತ್ರಕ್ಕೆ ಧಾರಾಳವಾಗಿ ಕೊಡಬಹುದು, ನೋಡುವ ಕೆಲಸವನ್ನು ಕೊಡಲು ಬರುವುದಿಲ್ಲ. ನಿತ್ಯಜೀವ ಕೇಳಿಕೊಂಡು ಓಡಿಬಂದ ಆ ಶ್ರೀಮಂತ ಯುವಕನಿಗೆ ಉತ್ತರ ಕೊಡುವ ಮೊದಲು ಪ್ರಭು ಅವನನ್ನು ದಿಟ್ಟಿಸಿ ನೋಡಿ ಪ್ರೀತಿಸಿದರೆಂದು ಸಂತ ಮಾರ್ಕರು ಬರೆಯುತ್ತಾರೆ. ನೋಟ ಮೊದಲು, ಪಾಠ ಆಮೇಲೆ.

ಇದಕ್ಕೆ ಒಂದು ಆಕ್ಷೇಪಣೆಯಿದೆ, ಅದು ಸಣ್ಣದಲ್ಲ. "ಫಾದರ್, ಎಲ್ಲ ಕಡೆ ಒಳ್ಳೆಯ ಉಪದೇಶಿಗಳು ಎಲ್ಲಿದ್ದಾರೆ? ಅರೆಬರೆ ತಿಳಿದವರು ತಪ್ಪುತಪ್ಪಾಗಿ ಕಲಿಸುವುದಕ್ಕಿಂತ, ವಿದ್ವಾಂಸರೊಬ್ಬರು ಮಾಡಿದ ಅಚ್ಚುಕಟ್ಟಾದ ವಿಡಿಯೊ ಹಾಕುವುದೇ ಮೇಲಲ್ಲವೇ?" ಎಂದು ಒಬ್ಬ ಹಿರಿಯ ಶಿಕ್ಷಕರು ನನ್ನನ್ನು ಕೇಳಿದರು. ತಿಳುವಳಿಕೆಯ ಮಟ್ಟಿಗೆ ಅವರ ಮಾತು ನಿಜ. ನಮ್ಮ ಧರ್ಮೋಪದೇಶದ ಟೀಚರುಗಳು ಯಾರು? ವಾರವಿಡೀ ಗಾರ್ಮೆಂಟ್ಸ್‌ನಲ್ಲಿ ದುಡಿದು ಶನಿವಾರ ರಾತ್ರಿ ಪುಸ್ತಕ ತೆರೆಯುವ ಹೆಣ್ಣುಮಕ್ಕಳು, ಪಿ.ಯು.ಸಿ. ಓದುವ ಹುಡುಗರು. ತ್ರಿತ್ವದ ರಹಸ್ಯವನ್ನು ಅವರು ವಿವರಿಸುವುದನ್ನು ಕೇಳಿ ನಾನೂ ಒಮ್ಮೊಮ್ಮೆ ಕಣ್ಣು ಮುಚ್ಚಿಕೊಂಡಿದ್ದೇನೆ. ಅವರ ಕೈಗೆ ಒಳ್ಳೆಯ ವಿಡಿಯೊ ಒಂದು ಊರುಗೋಲು. ಅದನ್ನು ಕಿತ್ತುಕೊಳ್ಳುವುದು ಅನ್ಯಾಯ. ಆದರೆ ಅವರಿಗೆ ಗೊತ್ತಿರುವ ಒಂದು ವಿಷಯ ವಿದ್ವಾಂಸರ ವಿಡಿಯೊಗೆ ಗೊತ್ತಿಲ್ಲ. ಯಾವ ಮಗುವಿನ ಅಪ್ಪ ದುಬೈಯಲ್ಲಿದ್ದಾರೆ, ಯಾರ ಅಜ್ಜಿ ಕಳೆದ ವಾರ ತೀರಿಕೊಂಡರು, ಯಾರು ಬೆಳಿಗ್ಗೆ ತಿಂಡಿ ತಿನ್ನದೆ ಬಂದಿದ್ದಾರೆ ಎಂಬುದು ಅವರಿಗೆ ಗೊತ್ತು. ಆದ್ದರಿಂದ ಅವರಿಗೆ ತರಬೇತಿ ಕೊಡುವ ಖರ್ಚನ್ನು ಉಳಿಸಲು ಪ್ರೊಜೆಕ್ಟರ್ ಕೊಂಡರೆ ಅದು ಮಕ್ಕಳಿಗೂ ಅವರಿಗೂ ಮಾಡುವ ಮೋಸ. ಮನಸ್ಸಿಗೆ ಕಹಿಯಾದರೂ ನಾವು ಗುರುಗಳೇ ಮೊದಲು ಒಪ್ಪಬೇಕಾದ ಮಾತು ಇದು.

2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ನಮಗೆಲ್ಲ ಒಂದು ಪರೀಕ್ಷೆಯೇ ನಡೆಯಿತು. ಪಾಠಗಳೆಲ್ಲ ಮೊಬೈಲಿಗೆ, ಟಿ.ವಿ.ಗೆ ಬಂದವು. ಅವಿಲ್ಲದಿದ್ದರೆ ಎಷ್ಟೋ ಮಕ್ಕಳು ಅಕ್ಷರವನ್ನೇ ಮರೆಯುತ್ತಿದ್ದರು. ಆದರೂ ಅದೇ ವರ್ಷ ನಮ್ಮ ರಾಜ್ಯದ ಸರ್ಕಾರಿ ಶಾಲೆಯ ಶಿಕ್ಷಕರು "ವಿದ್ಯಾಗಮ" ಎಂಬ ಯೋಜನೆಯಲ್ಲಿ ಊರೂರಿಗೆ ಹೋಗಿ, ಮರದ ನೆರಳಲ್ಲಿ, ಗುಡಿಯ ಜಗಲಿಯ ಮೇಲೆ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು. ಸೋಂಕಿನ ಭಯದಿಂದ ಅದನ್ನು ಕೆಲಕಾಲ ನಿಲ್ಲಿಸಬೇಕಾಯಿತು ಎಂಬುದು ಬೇರೆ ಮಾತು. ಟಿ.ವಿ. ಇದ್ದೂ ಅವರು ಏಕೆ ಹೋದರು ಎಂದು ಯೋಚಿಸಿ.

ನಮ್ಮ ಬಲಿಪೂಜೆಗಳೂ ಆಗ ತೆರೆಯ ಮೇಲೆ ಬಂದವು. ಈಗಲೂ ಕೆಲವರು ಮನೆಯಲ್ಲಿ ಸೋಫಾದ ಮೇಲೆ ಕಾಫಿ ಕುಡಿಯುತ್ತಾ "ಪೂಜೆ ನೋಡಿದೆವು ಫಾದರ್" ಎನ್ನುತ್ತಾರೆ. ಅವರಿಗೆ ಅಸ್ಸಿಸಿಯ ಸಂತ ಕ್ಲಾರಮ್ಮನವರನ್ನು ನೆನಪಿಸುತ್ತೇನೆ. ಕಾಯಿಲೆಯಿಂದ ಹಾಸಿಗೆ ಹಿಡಿದು ಕ್ರಿಸ್ತಜಯಂತಿಯ ರಾತ್ರಿ ದೇವಾಲಯಕ್ಕೆ ಹೋಗಲಾರದೆ ದುಃಖಿಸುತ್ತಿದ್ದ ಅವರಿಗೆ, ದೂರದಲ್ಲಿ ನಡೆಯುತ್ತಿದ್ದ ಆರಾಧನೆ ಇದ್ದಲ್ಲಿಯೇ ಕಂಡಿತು, ಕೇಳಿಸಿತು ಎಂಬ ಪರಂಪರೆಯಿದೆ. ಆ ಕಾರಣಕ್ಕೇ ಹನ್ನೆರಡನೆಯ ಭಕ್ತಿನಾಥರು 1958ರಲ್ಲಿ ಅವರನ್ನು ಟೆಲಿವಿಷನ್ನಿನ ಪಾಲಕಿಯೆಂದು ಸಾರಿದರು. ಅವರಿಗೆ ಆ ದರ್ಶನ ದೊರೆತದ್ದು ಹೋಗಲಾರದ ದುಃಖಕ್ಕೆ. ಹೋಗಬಲ್ಲವರು ಅದನ್ನು ನೆಪ ಮಾಡಿಕೊಳ್ಳಬಾರದು.

ತಂದೆತಾಯಿಗಳೇ, ನಿಮ್ಮ ಮನೆಯೂ ಒಂದು ತರಗತಿಯೇ. ಮಗು ಅಳುತ್ತದೆಂದು, ಊಟ ಮಾಡುವುದಿಲ್ಲವೆಂದು ಮೊಬೈಲು ಕೊಡುತ್ತೀರಿ. ನಿಮ್ಮ ದಣಿವು ನನಗೆ ಅರ್ಥವಾಗುತ್ತದೆ. ಈಗ ಬೈಬಲ್ ಕಥೆಗಳ ಕಾರ್ಟೂನುಗಳೂ ಸಿಗುತ್ತವೆ, ಅವನ್ನೇ ತೋರಿಸುತ್ತೇವೆ ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ತೋರಿಸಿ. ಆದರೆ ನೋವನ ನಾವೆಯ ಕಥೆ ನೋಡಿದ ಮೇಲೆ "ಹಡಗು ಹತ್ತದವರೆಲ್ಲ ಏನಾದರು?" ಎಂದು ಆ ಮಗು ಯಾರನ್ನು ಕೇಳಬೇಕು? ಅಡುಗೆಮನೆಯಲ್ಲಿ ಕುಕ್ಕರಿನ ಸದ್ದಿನ ನಡುವೆ ಅದು ಕೇಳಿದರೆ, ನಿಮಗೆ ಉತ್ತರ ಗೊತ್ತಿಲ್ಲದಿದ್ದರೂ ಒಲೆ ಆರಿಸಿ ಅದರ ಪಕ್ಕ ಕುಳಿತುಕೊಳ್ಳಿ. ಗೊತ್ತಿಲ್ಲ ಎಂದು ಹೇಳಲು ನಾಚಿಕೆ ಬೇಡ. ನಾನೂ ಹೇಳುತ್ತೇನೆ.

ನನ್ನ ಬಾಲ್ಯದ ಮಾತೊಂದನ್ನು ಹೇಳಬೇಕು. ತೆಲುಗಿನ "ಕರುಣಾಮಯುಡು" ಎಂಬ ಚಿತ್ರ ಬಂದದ್ದು 1978ರಲ್ಲಿ. ಅದಾಗಿ ಎಷ್ಟೋ ವರ್ಷಗಳ ಮೇಲೆ, ಹಬ್ಬದ ರಾತ್ರಿ ಚರ್ಚಿನ ಅಂಗಳದಲ್ಲಿ ಬಾಡಿಗೆಗೆ ತಂದ ಟಿ.ವಿ.ಯ ಮುಂದೆ ನಾನು ಅದನ್ನು ನೋಡಿದೆ. ಅತ್ತೆ. ಗುರುವಾಗಬೇಕೆಂಬ ಆಸೆಯ ಬೀಜ ಅಲ್ಲೇ ಬಿತ್ತೋ ಏನೋ. ಆದರೆ ಇಂದಿಗೂ ಧ್ಯಾನಕ್ಕೆ ಕುಳಿತು ಕಣ್ಣು ಮುಚ್ಚಿದರೆ ಒಮ್ಮೊಮ್ಮೆ ಪ್ರಭುವಿನ ಬದಲು ಆ ನಟ ವಿಜಯಚಂದರ್ ಅವರ ಮುಖವೇ ಎದುರಿಗೆ ಬರುತ್ತದೆ! ನನ್ನ ಅಜ್ಜಿಗೆ ಅಂಥ ತೊಂದರೆ ಇರಲಿಲ್ಲ. ಅವರು ಜೀವಮಾನದಲ್ಲಿ ಒಂದು ಸಿನಿಮಾವನ್ನೂ ನೋಡಿದವರಲ್ಲ. ಜಪಸರ ಹಿಡಿದು ಕುಳಿತಾಗ ಅವರು ಕಂಡ ಯೇಸುಸ್ವಾಮಿ ಹೇಗಿದ್ದರೋ, ನಾನು ಕೇಳಲೇ ಇಲ್ಲ. ಚಿತ್ರ ತೋರಿಸುವ ಮೊದಲು ಮಕ್ಕಳಿಗೆ ಕಥೆಯನ್ನು ಬಾಯಿಂದ ಹೇಳಿ, "ನಿಮ್ಮ ಮನಸ್ಸಿನಲ್ಲಿ ಹೇಗೆ ಕಾಣುತ್ತೆ?" ಎಂದು ಒಂದೆರಡು ನಿಮಿಷ ಬಿಡುವ ಅಭ್ಯಾಸವನ್ನು ನಾನು ಇದರಿಂದಲೇ ಕಲಿತೆ. ಅವರವರ ಚಿತ್ರ ಅವರವರ ಒಳಗೆ ಮೂಡಲಿ, ಆಮೇಲೆ ಬೇರೆಯವರ ಚಿತ್ರ ಬರಲಿ.

ಈಗಲೂ ತಪಸ್ಸು ಕಾಲದಲ್ಲಿ ನಾವು ವಿಡಿಯೊ ಹಾಕುತ್ತೇವೆ. ಹಾಕುವ ಮೊದಲು ನಾನೋ ಟೀಚರೋ ಪೂರ್ತಿ ನೋಡಿರಲೇಬೇಕು. ಒಂದು ಸಲಕ್ಕೆ ಮೂರು ನಾಲ್ಕು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ನಿಲ್ಲಿಸಿ ಕೇಳುತ್ತೇವೆ. ಕೇಳಿದರೆ ಮೊದಮೊದಲು ಮಕ್ಕಳು ನಮಗೆ ಇಷ್ಟವಾಗುವ ಉತ್ತರವನ್ನೇ ಕೊಡುತ್ತಾರೆ, ಕಾಯಬೇಕು. ತೋರಿಸುವವರು ಹಿಂದಿನ ಬೆಂಚಿನಲ್ಲಿ ಕೂರುವುದಿಲ್ಲ, ತೆರೆಯ ಪಕ್ಕದಲ್ಲಿ ಮಕ್ಕಳ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಒಂದು ಕಿಟಕಿಯನ್ನು ತೆರೆದೇ ಇಡುತ್ತೇವೆ. ಅದರಿಂದ ಚಿತ್ರ ಮಂಕಾಗಿ ಕಾಣುತ್ತದೆ ಎಂದು ಮಕ್ಕಳು ಪ್ರತಿ ವಾರವೂ ದೂರುತ್ತಾರೆ. ಕಳೆದ ಭಾನುವಾರ ಒಬ್ಬ ಹುಡುಗ ಕೇಳದೆಯೇ ಎದ್ದುಹೋಗಿ ಅದನ್ನು ಮುಚ್ಚಿದ. ಟೀಚರ್ ಏನೂ ಬೈಯದೆ ಹೋಗಿ ಮತ್ತೆ ತೆರೆದರು.